ಶ್ಯೇನನಿರ್ಣಯ: ಹಾರುವ ಹಕ್ಕಿಯ ಛಾಯಾಚಿತ್ರವೂ ಪದಾರ್ಥವಿಚಾರವೂ

ಸಂಸ್ಕೃತಕಾವ್ಯಗಳನ್ನೂ ಹಳಗನ್ನಡ ಗ್ರಂಥಗಳನ್ನೂ ಪಾಠ ಹೇಳುವವರೆಲ್ಲರಿಗೂ ಪರಿಚಿತವಾದ ತೊಡಕೊಂದುಂಟು. ಮೂಲದಲ್ಲಿ ಒಂದು ಹಕ್ಕಿಯ ಹೆಸರು ಬರುತ್ತದೆ. ವ್ಯಾಖ್ಯಾನಕಾರನು ‘ಪಕ್ಷಿವಿಶೇಷ’ವೆಂದು ಬರೆದು ಮುಂದಕ್ಕೆ ಸಾಗುತ್ತಾನೆ. ಹಾಗೆಂದುದರಿಂದ ಅದು ಮರವಲ್ಲ, ಮೃಗವಲ್ಲ ಎಂಬಷ್ಟು ತಿಳಿಯುವುದೇ ಹೊರತು ಮತ್ತೇನೂ ತಿಳಿಯದು. ಶುಕ, ಪಿಕ, ಮಯೂರಗಳ ವಿಷಯದಲ್ಲಿ ಈ ಕೊರತೆ ನಮ್ಮನ್ನು ಬಾಧಿಸುವುದಿಲ್ಲ, ಅವು ಕಣ್ಣಿಗೆ ಕಾಣುವಂಥವು. ಬೇಟೆಯಾಡುವ ಹಕ್ಕಿಗಳ ವಿಷಯದಲ್ಲಾದರೋ ಬಹಳವಾಗಿ ಬಾಧಿಸುತ್ತದೆ. ಶ್ಯೇನ, ಚಿಲ್ಲ, ಗೃಧ್ರ, ಕಂಕ, ಕುರರ ಎಂಬ ಐದು ಬೇರೆಬೇರೆ ಹೆಸರುಗಳಿಗೂ ನಮ್ಮ ಪಾಠಶಾಲೆಗಳಲ್ಲಿ ‘ಹದ್ದು’ ಎಂಬ ಒಂದೇ ಅರ್ಥವನ್ನು ಹೇಳುವುದು ರೂಢಿಯಾಗಿದೆ. ನಾನೂ ಅನೇಕ ವರ್ಷ ಹಾಗೆಯೇ ಹೇಳಿದವನು. ಹಾಗೆ ಹೇಳುವುದರಿಂದ ಕೆಲವೆಡೆ ಗ್ರಂಥದ ತಾತ್ಪರ್ಯವೇ ಕೆಡುವುದೆಂಬುದನ್ನೂ, ಆಕಾಶದಲ್ಲಿ ಹಾರುವ ಈ ಹಕ್ಕಿಗಳನ್ನು ಛಾಯಾಚಿತ್ರದ ಸಹಾಯದಿಂದ ಗುರುತಿಸುವ ಈಗಿನ ಕ್ರಮವು ಶಬ್ದಾರ್ಥನಿರ್ಣಯಕ್ಕೆ ಎಷ್ಟರಮಟ್ಟಿಗೆ ನೆರವಾಗಬಲ್ಲುದೆಂಬುದನ್ನೂ ನಿರೂಪಿಸುವುದೇ ಈ ಲೇಖನದ ಉದ್ದೇಶ.

೧. ಹೆಸರುಗಳ ಸ್ಥಿತಿ

ಮೊದಲು ಕೋಶಗಳನ್ನು ನೋಡೋಣ. ಅಮರಸಿಂಹನು ಶ್ಯೇನಕ್ಕೆ ಶಶಾದನ, ಪತ್ರೀ ಎಂಬ ಪರ್ಯಾಯಗಳನ್ನು ಕೊಟ್ಟಿರುವನು. ಆತಾಯಿ, ಚಿಲ್ಲ ಎಂಬುವನ್ನು ಬೇರೆಯಾಗಿಯೂ, ದಾಕ್ಷಾಯ್ಯ, ಗೃಧ್ರ ಎಂಬುವನ್ನು ಮತ್ತೊಂದಾಗಿಯೂ ಪಠಿಸಿರುವನು. ಕಂಕಕ್ಕೆ ಲೋಹಪೃಷ್ಠವೆಂದೂ, ಕುರರಕ್ಕೆ ಉತ್ಕ್ರೋಶವೆಂದೂ ಪರ್ಯಾಯಗಳುಂಟು. ಕೋಶಕಾರನು ಈ ವಿಭಾಗವನ್ನು ಸುಮ್ಮನೆ ಮಾಡಿಲ್ಲ. ಶಶಾದನವೆಂದರೆ ಮೊಲವನ್ನು ತಿನ್ನುವುದು. ಉತ್ಕ್ರೋಶವೆಂದರೆ ಗಟ್ಟಿಯಾಗಿ ಕೂಗುವುದು. ಲೋಹಪೃಷ್ಠವೆಂದರೆ ಲೋಹದ ಬಣ್ಣದ ಬೆನ್ನುಳ್ಳದ್ದು. ಆಹಾರ, ಧ್ವನಿ, ವರ್ಣ ಎಂಬ ಮೂರು ಬಗೆಯ ಗುರುತುಗಳು ಈ ಹೆಸರುಗಳಲ್ಲಿಯೇ ಅಡಗಿವೆ. ಯಾಸ್ಕನು ಶ್ಯೇನಶಬ್ದವನ್ನು ನಿರ್ವಚಿಸುವಾಗ ಅದರ ಪ್ರಶಂಸನೀಯವಾದ ಗತಿಯನ್ನು ಹಿಡಿದು ಅರ್ಥ ಹೇಳಿರುವುದೂ ಸ್ಮರಣಾರ್ಹವಾಗಿದೆ. ಆ ವ್ಯುತ್ಪತ್ತಿಯನ್ನು ಈಗಿನ ಭಾಷಾಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ಈ ಹಕ್ಕಿಯನ್ನು ಹಾರಾಟದಿಂದ ಗುರುತಿಸಬೇಕೆಂಬ ಭಾವವು ಅಷ್ಟು ಹಳೆಯದೆಂಬುದು ಸ್ಪಷ್ಟ.

ಕನ್ನಡದಲ್ಲಿಯೂ ಪದಸಂಪತ್ತಿಗೆ ಕೊರತೆಯಿಲ್ಲ. ಹದ್ದು ಎಂಬುದರ ಪೂರ್ವರೂಪವು ಪರ್ದು. ತಮಿಳು ಮಲೆಯಾಳಗಳ ‘ಪರುಂದು’ ಇದರ ಸಹೋದರಶಬ್ದ. ಡೇಗೆ ಎಂಬುದು ತೆಲುಗಿನ ‘ಡೇಗ’ದೊಡನೆ ಹೊಂದುತ್ತದೆ. ಗಿಡುಗ, ಸಾಳುವ ಎಂಬ ಶಬ್ದಗಳನ್ನು ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ ಮಹಾಶಯರ ನಿಘಂಟಿನಲ್ಲಿ ಕಾಣಬಹುದು. ವಿಜಯನಗರವನ್ನಾಳಿದ ಒಂದು ವಂಶಕ್ಕೆ ಸಾಳುವವೆಂಬ ಹೆಸರಿದ್ದುದು ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದುದೇ. ಇಷ್ಟು ಶಬ್ದಗಳಿದ್ದರೂ ಅನುವಾದ ಮಾಡುವಾಗ ನಮ್ಮ ಕೈಗೆ ಮೊದಲು ಸಿಗುವುದು ‘ಹದ್ದು’ ಒಂದೇ. ಪಟ್ಟಣದ ಮೇಲೆ ದಿನವೂ ಸುತ್ತುವ ಹಕ್ಕಿ ಅದೊಂದೇ ಆದುದರಿಂದ ನಾಲಗೆಗೂ ಅದೇ ಹತ್ತಿರವಾಗಿದೆ. ಗೃಧ್ರಕ್ಕೆ ನಾವು ಹೇಳುವ ‘ರಣಹದ್ದು’ ಎಂಬ ಸಮಾಸವೂ ಈ ಸಾಂಕರ್ಯವನ್ನು ಹೆಚ್ಚಿಸಿದೆ.

೨. ಚಿತಿಯಲ್ಲಿ ಕಾಣುವ ಆಕಾರ

ಹಾರುವ ಹಕ್ಕಿಯ ಆಕಾರವನ್ನು ನಮ್ಮ ಪೂರ್ವಿಕರು ಎಷ್ಟು ಸೂಕ್ಷ್ಮವಾಗಿ ನೋಡಿದ್ದರೆಂಬುದಕ್ಕೆ ಕಾವ್ಯಗಳಿಗಿಂತ ಉತ್ತಮವಾದ ಸಾಕ್ಷಿ ಶುಲ್ಬಸೂತ್ರಗಳಲ್ಲಿದೆ. ಸ್ವರ್ಗಕಾಮನು ಶ್ಯೇನಚಿತಿಯನ್ನು ಕಟ್ಟಬೇಕೆಂಬುದು ತೈತ್ತಿರೀಯಸಂಹಿತೆಯ ವಿಧಿ. ಏಳೂವರೆ ಚದರ ಪುರುಷಪ್ರಮಾಣದ ವಿಸ್ತಾರ, ಐದು ಪ್ರಸ್ತಾರಗಳು, ಒಂದೊಂದು ಪ್ರಸ್ತಾರಕ್ಕೆ ೨೦೦ರಂತೆ ಒಟ್ಟು ೧೦೦೦ ಇಟ್ಟಿಗೆಗಳು ಎಂಬುದು ಸೂತ್ರಕಾರರ ಲೆಕ್ಕ. ಈ ಚಿತಿಯು ಕುಳಿತ ಹಕ್ಕಿಯ ಆಕಾರದ್ದಲ್ಲ. ರೆಕ್ಕೆಗಳನ್ನು ಬಾಗಿಸಿ, ಬಾಲವನ್ನು ಹರಡಿ ಹಾರುವ ಹಕ್ಕಿಯ ಆಕಾರದ್ದು. ರೆಕ್ಕೆಯನ್ನು ನೇರವಾದ ಹಲಗೆಯಂತೆ ಇಡದೆ ಅದರ ನಡುವೆ ಬಾಗನ್ನು ಕಲ್ಪಿಸಬೇಕೆಂದು ಆಪಸ್ತಂಬನು ವಿಧಿಸಿ, ಹಕ್ಕಿಗಳ ರೆಕ್ಕೆಯ ಮಧ್ಯದಲ್ಲಿ ಅಂಥ ಬಾಗು ಇರುವುದನ್ನೇ ಕಾರಣವಾಗಿ ತೋರಿಸಿರುವನು. ಇದು ಮಣಿಕಟ್ಟಿನ ಸಂಧಿ. ಈಗ ಹಾರುವ ಹಕ್ಕಿಯನ್ನು ಗುರುತಿಸುವವರು ಮೊದಲು ಕಣ್ಣಿಡುವುದೂ ಅಲ್ಲಿಯೇ.

ಶ್ಯೇನಚಿತಿಯೊಡನೆ ಕಂಕಚಿತಿ, ಅಲಜಚಿತಿ ಎಂಬುವೂ ವಿಹಿತವಾಗಿವೆ. ಮೂರು ಹಕ್ಕಿಗಳನ್ನು ಬಣ್ಣದ ಸಹಾಯವಿಲ್ಲದೆ, ಇಟ್ಟಿಗೆಯ ರೇಖೆಗಳಿಂದ ಮಾತ್ರವೇ ಬೇರ್ಪಡಿಸಬೇಕಾದರೆ ಬಾಹ್ಯರೇಖೆಯಲ್ಲಿ ವಿಶ್ವಾಸವಿರಬೇಕು. ಕೇರಳದ ನಂಬೂದಿರಿಗಳ ಸಂಪ್ರದಾಯದಲ್ಲಿ ಪಂಚಪತ್ರಿಕೆ, ಷಟ್ಪತ್ರಿಕೆ ಎಂಬ ಭೇದಗಳುಂಟು. ಎಂದರೆ ರೆಕ್ಕೆಯ ತುದಿಯಲ್ಲಿ ಐದು ಗರಿಗಳುಳ್ಳ ಚಿತಿ, ಆರು ಗರಿಗಳುಳ್ಳ ಚಿತಿ. ೧೯೭೫ರಲ್ಲಿ ಪಾಞ್ಞಾಳ್ ಗ್ರಾಮದಲ್ಲಿ ನಡೆದ ಅಗ್ನಿಚಯನವನ್ನು ಫ್ರಿಟ್ಸ್ ಸ್ಟಾಲ್ ಅವರು ಚಲನಚಿತ್ರವಾಗಿ ತೆಗೆಯಿಸಿ, ೧೯೮೩ರಲ್ಲಿ ಬೃಹದ್ಗ್ರಂಥವನ್ನೂ ಪ್ರಕಟಿಸಿದರು. ಅದನ್ನು ನೋಡಿದವರಿಗೆ ಈ ಭೇದಗಳು ಪರಿಚಿತವಾಗಿರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಚಿತಿಯ ಆಕಾರದಿಂದ ‘ಇದು ಇಂಥ ಜಾತಿಯ ಹಕ್ಕಿ’ ಎಂದು ನಿರ್ಣಯಿಸಲು ಹೊರಡುವುದು ಸಾಹಸವಾದೀತು. ಗಾಳಿಯ ಸುಳಿಯಲ್ಲಿ ಮೇಲಕ್ಕೇರುವ ಗಿಡುಗವು ಬಾಲವನ್ನು ಹರಡುತ್ತದೆ, ಆದರೆ ರೆಕ್ಕೆಗಳನ್ನು ಬಹುಮಟ್ಟಿಗೆ ನೇರವಾಗಿ ಚಾಚಿರುತ್ತದೆ. ತೇಲಿಕೊಂಡು ಮುಂದಕ್ಕೆ ಸಾಗುವಾಗ ರೆಕ್ಕೆಗಳನ್ನು ಬಾಗಿಸುತ್ತದೆ, ಬಾಲವನ್ನು ಮಡಿಸುತ್ತದೆ. ಎರಡೂ ಕೂಡಿ ಬರುವುದು ತಿರುಗುವಾಗ, ವೇಗವನ್ನು ತಡೆಯುವಾಗ, ಇಳಿಯುವಾಗ. ಆದುದರಿಂದ ಚಿತಿಯು ಒಂದು ಕ್ಷಣದ ಪ್ರತಿಬಿಂಬವಾಗಿರಬಹುದು, ಅಥವಾ ಹಾರಾಟದ ಹಲವು ಅವಸ್ಥೆಗಳನ್ನು ಒಂದುಗೂಡಿಸಿದ ಸಂಕೇತವಾಗಿರಬಹುದು. ಗರಿಗಳ ಸಂಖ್ಯೆಯ ವಿಷಯವೂ ಹಾಗೆಯೇ. ಅದು ಸಾಮ್ಯಮಾತ್ರ, ಪ್ರಮಾಣವಲ್ಲ. ಚಿತಿಯಿಂದ ನಮಗೆ ಸಿದ್ಧಿಸುವುದು ಇಷ್ಟೇ: ಹಾರುವ ಹಕ್ಕಿಯನ್ನು ಕೆಳಗಿನಿಂದ ನೋಡಿ ಅದರ ರೇಖೆಯನ್ನು ಗ್ರಹಿಸುವ ದೃಷ್ಟಿ ಈ ದೇಶದಲ್ಲಿ ಬಹಳ ಹಿಂದೆಯೇ ಇತ್ತು.

೩. ಉಪಮಾನಪ್ರಮಾಣ ಮತ್ತು ಲಕ್ಷಣದೋಷ

ಕಂಡರಿಯದ ಹಕ್ಕಿಯನ್ನು ಕಂಡು ‘ಇದು ಇಂಥದು’ ಎಂದು ತಿಳಿಯುವುದು ಯಾವ ಪ್ರಮಾಣದಿಂದ? ತರ್ಕಶಾಸ್ತ್ರದ ಗವಯದೃಷ್ಟಾಂತವನ್ನು ಇಲ್ಲಿ ನೆನೆಯಬೇಕು. ಪೇಟೆಯವನೊಬ್ಬನು ಕಾಡಿನವನಿಂದ, ಗವಯವು ಗೋವನ್ನು ಹೋಲುತ್ತದೆಂಬ ಮಾತನ್ನು ಕೇಳಿರುತ್ತಾನೆ. ಮುಂದೆ ಅರಣ್ಯದಲ್ಲಿ ಅಂಥ ಮೃಗವನ್ನು ಕಂಡಾಗ ಕೇಳಿದ ವಾಕ್ಯವನ್ನು ಸ್ಮರಿಸಿ ‘ಇದೇ ಗವಯಪದವಾಚ್ಯ’ ಎಂದು ನಿಶ್ಚಯಿಸುತ್ತಾನೆ. ಪಕ್ಷಿವೀಕ್ಷಕನು ಕೈಯಲ್ಲಿ ಹಿಡಿಯುವ ಗ್ರಂಥವು ಈ ಅತಿದೇಶವಾಕ್ಯಗಳ ಸಂಗ್ರಹವೇ. ಸಲೀಂ ಆಲಿಯವರು ೧೯೪೧ರಲ್ಲಿ ಪ್ರಕಟಿಸಿದ ಭಾರತೀಯ ಪಕ್ಷಿಗಳ ಪುಸ್ತಕವು ಒಂದೊಂದು ಹಕ್ಕಿಯ ಗಾತ್ರವನ್ನು ಗುಬ್ಬಿ, ಮೈನಾ, ಕಾಗೆ ಮುಂತಾದ ಪರಿಚಿತ ಹಕ್ಕಿಗಳೊಡನೆ ಹೋಲಿಸಿ ಹೇಳುವ ಕ್ರಮವು ಇದಕ್ಕೆ ನಿದರ್ಶನ.

ಆದರೆ ಲಕ್ಷಣವು ನಿರ್ದುಷ್ಟವಾಗಬೇಕಾದರೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿರಬಾರದು. ಹಕ್ಕಿಗಳ ವಿಷಯದಲ್ಲಿ ಈ ದೋಷಗಳು ಹೇಗೆ ಬರುತ್ತವೆಂಬುದನ್ನು ನೋಡೋಣ. ‘ಒಂದೇ ಎಡೆಯಲ್ಲಿ ರೆಕ್ಕೆ ಬಡಿಯುತ್ತ ಆಕಾಶದಲ್ಲಿ ನಿಲ್ಲುವುದು ಕೆಸ್ಟ್ರೆಲ್’ ಎಂದರೆ ಅತಿವ್ಯಾಪ್ತಿ. ಕಪ್ಪು ಹೆಗಲಿನ ಬಿಳಿಯ ಚಿಕ್ಕ ಹದ್ದೂ ಹಾಗೆ ನಿಲ್ಲುತ್ತದೆ, ಹಾವುಗಳನ್ನು ಹಿಡಿಯುವ ದೊಡ್ಡ ಹಾವುಗಿಡುಗವೂ ನಿಲ್ಲುತ್ತದೆ. ‘ಕವಲೊಡೆದ ಬಾಲವುಳ್ಳದ್ದು ಹದ್ದು’ ಎಂದರೆ ಅವ್ಯಾಪ್ತಿ. ಅದೇ ಹದ್ದು ಬಾಲವನ್ನು ಪೂರ್ತಿಯಾಗಿ ಬಿಚ್ಚಿದಾಗ ಕವಲು ಮಾಯವಾಗಿ ಅಂಚು ನೇರವಾಗಿ ಕಾಣುತ್ತದೆ. ಗಾತ್ರವಂತೂ ಎಲ್ಲಕ್ಕಿಂತ ದುರ್ಬಲವಾದ ಹೇತು. ಆಕಾಶದಲ್ಲಿ ಅಳತೆಗೋಲಿಲ್ಲ. ಅಲ್ಲದೆ ಈ ವರ್ಗದಲ್ಲಿ ಸಾಮಾನ್ಯವಾಗಿ ಹೆಣ್ಣು ಗಂಡಿಗಿಂತ ದೊಡ್ಡದು. ಉತ್ತರದೇಶದ ಬೇಟೆಗಾರರು ಒಂದೇ ಜಾತಿಯ ಹೆಣ್ಣನ್ನು ಬಾಜ್ ಎಂದೂ ಗಂಡನ್ನು ಜುರ್ರಾ ಎಂದೂ, ಮತ್ತೊಂದು ಜಾತಿಯ ಹೆಣ್ಣನ್ನು ಶಿಕ್ರಾ ಎಂದೂ ಗಂಡನ್ನು ಚಿಪಕ್ ಎಂದೂ ಬೇರೆ ಹೆಸರುಗಳಿಂದ ಕರೆಯುತ್ತಿದ್ದುದಕ್ಕೆ ಈ ಭೇದವೂ ಕಾರಣ.

ಹಾಗಾದರೆ ನಿಲ್ಲುವ ಲಕ್ಷಣ ಯಾವುದು? ಒಂದೇ ಗುರುತನ್ನು ನೆಚ್ಚದೆ ಗುರುತುಗಳ ಸಮುದಾಯವನ್ನು ಹಿಡಿಯಬೇಕು. ಮೊದಲನೆಯದು ರೆಕ್ಕೆಯ ಆಕಾರ. ಶಾಹೀನ್ ಮುಂತಾದ ಫಾಲ್ಕನ್ ವರ್ಗದವುಗಳ ರೆಕ್ಕೆಯು ಉದ್ದವಾಗಿ, ತುದಿಯಲ್ಲಿ ಚೂಪಾಗಿ, ಕುಡುಗೋಲಿನಂತಿರುತ್ತದೆ. ಬಿಜ್ಜು ಅಥವಾ ಶಿಕ್ರಾ ಮೊದಲಾದವುಗಳ ರೆಕ್ಕೆ ಮೋಟಾಗಿ ದುಂಡಗಿರುತ್ತದೆ, ಬಾಲವು ಉದ್ದ. ಮರಗಳ ನಡುವೆ ನುಸುಳಿ ಬೇಟೆಯಾಡುವುದಕ್ಕೆ ಇದು ಅನುಕೂಲ. ಚಳಿಗಾಲದಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲಿನಂಥ ಬಯಲುಗಳಿಗೆ ಬರುವ ಹ್ಯಾರಿಯರುಗಳು ಉದ್ದವಾದ ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿದು ನೆಲಕ್ಕೆ ಸಮೀಪವಾಗಿ ತೇಲುತ್ತವೆ. ಎರಡನೆಯದು ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ಕಾಣುವ ಗರಿಗಳ ಎಣಿಕೆ. ಶಿಕ್ರಾಕ್ಕೆ ಸಾಮಾನ್ಯವಾಗಿ ಐದು, ಅದನ್ನು ಬಹಳವಾಗಿ ಹೋಲುವ ಯುರೇಷಿಯಾದ ಗುಬ್ಬಿಗಿಡುಗಕ್ಕೆ ಆರು. ಮೂರನೆಯದು ಬಾಲದ ಅಂಚು. ನಾಲ್ಕನೆಯದು ರೆಕ್ಕೆಯ ಒಳಮೈಯ ಪಟ್ಟೆಗಳು. ಐದನೆಯದು ಹಾರುವ ಲಯ.

೪. ಛಾಯಾಚಿತ್ರದ ಉಪಯೋಗ

ಈ ಲಕ್ಷಣಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವೆಲ್ಲವೂ ಕ್ಷಣಮಾತ್ರ ಕಾಣುವಂಥವು. ಹಾರುವ ಹಕ್ಕಿಯ ರೆಕ್ಕೆಯ ತುದಿಯಲ್ಲಿ ಐದು ಗರಿಗಳೋ ಆರು ಗರಿಗಳೋ ಎಂಬುದನ್ನು ಬರಿಗಣ್ಣಿನಿಂದ ಎಣಿಸುವುದು ಕಷ್ಟ. ದೃಷ್ಟಿಯ ಈ ಮಿತಿಯನ್ನು ದಾಟಲು ಛಾಯಾಗ್ರಹಣವು ಒದಗಿತು. ಫ್ರಾನ್ಸ್ ದೇಶದ ಎತಿಯೆನ್ ಜೂಲ್ ಮಾರೆ ಎಂಬ ಶಾರೀರಶಾಸ್ತ್ರಜ್ಞನು ೧೮೮೨ರಲ್ಲಿ ಕೋವಿಯ ಆಕಾರದ ಒಂದು ಯಂತ್ರವನ್ನು ನಿರ್ಮಿಸಿ, ಗುಂಡಿಗೆ ಬದಲಾಗಿ ಬೆಳಕನ್ನು ಒಳಕ್ಕೆ ಸೆಳೆದುಕೊಂಡು, ಸೆಕೆಂಡಿಗೆ ೧೨ರಂತೆ ಹಾರುವ ಹಕ್ಕಿಗಳ ಚಿತ್ರಗಳನ್ನು ತೆಗೆದನು. ೧೮೯೦ರಲ್ಲಿ ಪಕ್ಷಿಗಳ ಹಾರಾಟವನ್ನು ಕುರಿತ ಅವನ ಗ್ರಂಥವು ಹೊರಬಂದಿತು. ಬೇಟೆಯ ಆಯುಧದ ಆಕಾರವನ್ನೇ ತಾಳಿದ ಯಂತ್ರವು ಬೇಟೆಯಿಲ್ಲದೆ ಹಕ್ಕಿಯನ್ನು ಹಿಡಿದುದು ವಿಚಾರಾರ್ಹವಾದ ಸಂಗತಿ. ಅದಕ್ಕೆ ಹಿಂದೆ ಹಕ್ಕಿಯನ್ನು ನಿಶ್ಚಯವಾಗಿ ಗುರುತಿಸಬೇಕಾದರೆ ಅದನ್ನು ಕೊಂದು ಕೈಯಲ್ಲಿ ಹಿಡಿದು ನೋಡುವುದೇ ವಿದ್ವಾಂಸರ ಮಾರ್ಗವಾಗಿತ್ತು.

ಈಗಿನ ಕ್ಯಾಮರಾಗಳು ಸೆಕೆಂಡಿಗೆ ೧೦ರಿಂದ ೨೦ಕ್ಕೂ ಮೇಲ್ಪಟ್ಟು ಚಿತ್ರಗಳನ್ನು ತೆಗೆಯುತ್ತವೆ. ಹೊಸ ಯಂತ್ರಗಳಲ್ಲಿ ಕೆಲವು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಅದರ ಮೇಲೆ ದೃಷ್ಟಿಯನ್ನು ನಿಲ್ಲಿಸುವುದೂ ಉಂಟು. ಆದರೂ ಕೆಲವು ನಿಯಮಗಳನ್ನು ತಿಳಿಯದೆ ಚಿತ್ರ ತೆಗೆದರೆ ಪ್ರಯೋಜನವಿಲ್ಲ. ರೆಕ್ಕೆ ಬಡಿಯುವ ಹಕ್ಕಿಗೆ ಕವಾಟವು ಸೆಕೆಂಡಿನ ೨೦೦೦ದ ಒಂದು ಭಾಗದಷ್ಟು ಕಾಲ ಮಾತ್ರ ತೆರೆದಿರಬೇಕು. ರೆಕ್ಕೆ ಚಾಚಿ ತೇಲುವುದಕ್ಕೆ ೧೦೦೦ದ ಒಂದು ಭಾಗ ಸಾಕಾದೀತು. ೪೦೦ರಿಂದ ೬೦೦ ಮಿಲಿಮೀಟರಿನ ಮಸೂರ ಬೇಕು. ಯಂತ್ರವು ಆಕಾಶದ ಬೆಳಕನ್ನು ಅಳೆದು ಹಕ್ಕಿಯನ್ನು ಕಪ್ಪಾಗಿಸುವುದರಿಂದ, ಅದು ಹೇಳುವ ಪ್ರಮಾಣಕ್ಕಿಂತ ಒಂದು ಒಂದೂವರೆ ಮೆಟ್ಟಿಲು ಹೆಚ್ಚಾಗಿ ಬೆಳಕನ್ನು ಒಳಕ್ಕೆ ಬಿಡಬೇಕು. ಇಲ್ಲವಾದರೆ ದೊರೆಯುವುದು ಚಿತಿಯ ರೇಖೆಯೇ ಹೊರತು ಹಕ್ಕಿಯ ಬಣ್ಣವಲ್ಲ.

ಕಾಲದ ವಿಷಯದಲ್ಲಿ ಒಂದು ವಿರೋಧವುಂಟು. ದೊಡ್ಡ ಹಕ್ಕಿಗಳು ನೆಲವು ಕಾದು ಬಿಸಿಗಾಳಿ ಮೇಲೇಳುವ ತನಕ ಎತ್ತರಕ್ಕೆ ಏರುವುದಿಲ್ಲ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯ ಅನಂತರವೇ ಅವುಗಳ ವಿಹಾರ. ಬೆಳಕಾದರೋ ಸೂರ್ಯನು ಕೆಳಗಿರುವಾಗಲೇ ರೆಕ್ಕೆಯ ಒಳಮೈಗೆ ಬೀಳುತ್ತದೆ. ಮಧ್ಯಾಹ್ನದಲ್ಲಿ ಹೊಟ್ಟೆಯ ಭಾಗವೆಲ್ಲ ನೆರಳಾಗುತ್ತದೆ, ಕಾದ ಗಾಳಿಯ ನಡುಕದಿಂದ ಚಿತ್ರವೂ ಮಸುಕಾಗುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಹಕ್ಕಿಯು ಓರೆಯಾಗಿ ತಿರುಗುವ ಕ್ಷಣಕ್ಕಾಗಿ ಕಾಯುವುದೇ ಇದಕ್ಕೆ ಪರಿಹಾರ. ಒಣಹುಲ್ಲಿನ ಅಥವಾ ತಿಳಿಬಣ್ಣದ ಮಣ್ಣಿನ ನೆಲವಿದ್ದರೆ ಅದರಿಂದ ಹಿಂದಿರುಗಿದ ಬೆಳಕು ಒಳಮೈಯನ್ನು ಬೆಳಗುವುದೂ ಉಂಟು.

೫. ಛಾಯಾಚಿತ್ರದ ಭ್ರಾಂತಿಗಳು

ಛಾಯಾಚಿತ್ರವು ಪ್ರತ್ಯಕ್ಷಕ್ಕೆ ಸಮಾನವಾದ ಪ್ರಮಾಣವೆಂದು ಕೆಲವರು ಭಾವಿಸುತ್ತಾರೆ. ಅದು ಪ್ರತ್ಯಕ್ಷದ ಒಂದು ಮುದ್ರೆ ಮಾತ್ರ. ಅದರಿಂದ ಮಾಡುವ ನಿರ್ಣಯವು ಅನುಮಾನವೇ. ಅನುಮಾನವಾದುದರಿಂದ ಹೇತ್ವಾಭಾಸಗಳಿಗೆ ಅವಕಾಶವುಂಟು. ಓರೆಯಾಗಿ ತಿರುಗಿದ ಹಕ್ಕಿಯ ಉದ್ದವಾದ ರೆಕ್ಕೆಯು ಚಿತ್ರದಲ್ಲಿ ಮೋಟಾಗಿ ಕಾಣುತ್ತದೆ. ಗರಿಗಳನ್ನು ಉದುರಿಸಿ ಹೊಸದಾಗಿ ಪಡೆಯುವ ಕಾಲದಲ್ಲಿ ಆರು ಬೆರಳುಗಳ ಹಕ್ಕಿ ಐದಾಗಿ ಕಾಣಬಹುದು. ಆದಕಾರಣ ಒಂದು ಚಿತ್ರವನ್ನು ನೆಚ್ಚದೆ, ಒಂದರ ಹಿಂದೊಂದಾಗಿ ತೆಗೆದ ಚಿತ್ರಗಳ ಸಾಲನ್ನು ನೋಡಿ, ಎಡಬಲ ಎರಡು ರೆಕ್ಕೆಗಳನ್ನೂ ಎಣಿಸಿ, ಅನಂತರವೇ ಮಾತನಾಡಬೇಕು.

ವೇಷಧಾರಿಗಳ ತೊಂದರೆಯೂ ಉಂಟು. ಕೋಗಿಲೆಯ ಸಂಬಂಧಿಯಾದ ಹಾಕ್‌ಕುಕ್ಕೂ ಎಂಬ ಹಕ್ಕಿಯು ಬಣ್ಣದಲ್ಲಿಯೂ, ನಾಲ್ಕಾರು ಬಾರಿ ರೆಕ್ಕೆ ಬಡಿದು ತೇಲುವ ಲಯದಲ್ಲಿಯೂ ಶಿಕ್ರಾವನ್ನು ಅನುಕರಿಸುತ್ತದೆ. ಅದು ಮರದೊಳಕ್ಕೆ ನುಗ್ಗಿದರೆ ಸಣ್ಣ ಹಕ್ಕಿಗಳೂ ಬೆದರುತ್ತವೆ. ಚಿತ್ರದಲ್ಲಿ ಅದರ ಕೊಕ್ಕು ಗಿಡುಗದ ಕೊಕ್ಕಿನಂತೆ ಕೊಕ್ಕೆಯಾಗಿಲ್ಲವೆಂಬುದೂ ಕಾಲುಗಳಲ್ಲಿ ಹಿಡಿಯುವ ಬಲವಿಲ್ಲವೆಂಬುದೂ ತಿಳಿದುಬರುತ್ತದೆ.

ನನ್ನ ಸ್ವಂತ ತಪ್ಪೊಂದನ್ನು ಇಲ್ಲಿ ಹೇಳುವುದು ಅಪ್ರಕೃತವಾಗಲಾರದು. ಊರ ಕೆರೆಯ ಏರಿಯ ಮೇಲೆ ಸುತ್ತುತ್ತಿದ್ದ ಕಂದುಬಣ್ಣದ ಹಕ್ಕಿಯೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಅಮರನ ಚಿಲ್ಲವೆಂದರೆ ಇದೇ ಎಂದು ನಿಸ್ಸಂದೇಹವಾಗಿ ಹೇಳಿದೆ. ಅವರಲ್ಲೊಬ್ಬನು ತೆಗೆದ ಏಳೆಂಟು ಚಿತ್ರಗಳನ್ನು ಮರುದಿನ ದೊಡ್ಡದಾಗಿಸಿ ನೋಡಿದಾಗ ಒಂದರಲ್ಲಿಯೂ ಬಾಲದ ಕವಲು ಕಾಣಲಿಲ್ಲ. ಅಂಚು ನೇರವಾಗಿಯೂ ಇಲ್ಲ, ಎಲ್ಲದರಲ್ಲಿಯೂ ದುಂಡು. ರೆಕ್ಕೆಯ ಒಳಮೈಯಲ್ಲಿ ಮಣಿಕಟ್ಟಿನ ಬಳಿ ಒಂದು ತಿಳಿಯಾದ ಮಚ್ಚೆ. ಅದು ಹದ್ದಲ್ಲ, ಇನ್ನೂ ಕೆಂಪು ಬಿಳಿ ಬಣ್ಣಗಳನ್ನು ಪಡೆಯದ ಗರುಡದ ಮರಿ. ನಾವು ನಿತ್ಯವೂ ಕೈಮುಗಿಯುವ ಹಕ್ಕಿಯನ್ನೇ, ಬಣ್ಣವಿಲ್ಲವೆಂಬ ಮಾತ್ರಕ್ಕೆ, ನಾನು ಗುರುತಿಸಲಿಲ್ಲ. ಮಲೆಯಾಳದವರು ಇದನ್ನು ‘ಕೃಷ್ಣಪ್ಪರುಂದು’ ಎಂದು ಕರೆದು ಹದ್ದಿನ ಕುಲಕ್ಕೇ ಸೇರಿಸಿರುವರು. ಪಕ್ಷಿಶಾಸ್ತ್ರಜ್ಞರ ಮತವೂ ಅದೇ. ಪುರಾಣದ ನಾಗಾಂತಕನಿಗೆ ಆಹಾರದಿಂದ ಹತ್ತಿರವಾದುದು ಇದಲ್ಲ, ರೆಕ್ಕೆಯ ಒಳಮೈಯಲ್ಲಿ ಅಗಲವಾದ ಬಿಳಿಯ ಪಟ್ಟೆಯುಳ್ಳ, ಹಾವನ್ನು ತಿನ್ನುವ ಪನ್ನಗಾರಿ. ಆದರೂ ಲೋಕರೂಢಿಯಲ್ಲಿ ಗರುಡಶಬ್ದವು ಕೆರೆಯ ಹಕ್ಕಿಗೇ ನೆಲೆನಿಂತಿದೆ. ರೂಢಿಯು ಯೋಗಾರ್ಥವನ್ನು ಮೀರುವುದೆಂಬ ಮಾತಿಗೆ ಇದೊಂದು ಉದಾಹರಣೆ.

೬. ಗ್ರಂಥಾರ್ಥದಲ್ಲಿ ವಿನಿಯೋಗ

ಈಗ ಪ್ರಕೃತಕ್ಕೆ ಬರೋಣ. ಮಹಾಭಾರತದ ವನಪರ್ವದಲ್ಲಿ ಉಶೀನರನ ಉಪಾಖ್ಯಾನವಿದೆ. ಶಿಬಿಯ ಹೆಸರಿನಿಂದಲೂ ಈ ಕಥೆ ಪ್ರಸಿದ್ಧವಾಗಿದೆ. ಶ್ಯೇನರೂಪನಾದ ಇಂದ್ರನು ಕಪೋತರೂಪನಾದ ಅಗ್ನಿಯನ್ನು ಅಟ್ಟಿಸಿಕೊಂಡು ಬರುತ್ತಾನೆ. ರಾಜನು ಕಪೋತಕ್ಕೆ ಬದಲಾಗಿ ವೃಷಭ, ವರಾಹ, ಮೃಗ, ಮಹಿಷಗಳ ಮಾಂಸವನ್ನು ಕೊಡುವೆನೆನ್ನುತ್ತಾನೆ. ಶ್ಯೇನವು ತಾನು ಅವನ್ನು ತಿನ್ನುವುದಿಲ್ಲವೆಂದೂ, ಕಪೋತವೇ ತನಗೆ ವಿಹಿತವಾದ ಆಹಾರವೆಂದೂ ವಾದಿಸುತ್ತದೆ. ಆ ಮೇಲೆ ರಾಜನು ತನ್ನ ದೇಹದ ಮಾಂಸವನ್ನು ತೂಗಿ ಕೊಡಬೇಕಾಗುತ್ತದೆ.

ಇಲ್ಲಿ ಶ್ಯೇನವೆಂದರೆ ಹದ್ದೆಂದು ಅರ್ಥ ಹೇಳಿದರೆ ಕಥೆ ನಿಲ್ಲುವುದಿಲ್ಲ. ಹದ್ದು ಸತ್ತ ಪ್ರಾಣಿಯನ್ನೂ ಕಸಾಯಿಖಾನೆಯ ತುಣುಕನ್ನೂ ಸಂತೋಷದಿಂದ ತಿನ್ನುವ ಹಕ್ಕಿ. ಮಹಿಷದ ಮಾಂಸ ದೊರೆಯುವುದಾದರೆ ಅದು ಪಾರಿವಾಳದ ಗೊಡವೆಗೆ ಹೋಗದು. ರಾಜನು ಮೊದಲು ಮುಂದಿಟ್ಟ ಮಾಂಸದಿಂದಲೇ ವ್ಯವಹಾರ ಮುಗಿಯುತ್ತಿತ್ತು, ತುಲಾರೋಹಣಕ್ಕೆ ಕಾರಣವೇ ಇರುತ್ತಿರಲಿಲ್ಲ. ಜೀವಂತವಾದ ಬೇಟೆಯನ್ನು ತಾನೇ ಹೊಡೆದು ತಿನ್ನುವ ಗಿಡುಗವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಅದರ ನಿರಾಕರಣೆಯು ಸ್ವಭಾವಕ್ಕೆ ಅನುಗುಣವಾಗುತ್ತದೆ, ಶರಣಾಗತರಕ್ಷಣೆಗೂ ಕ್ಷುಧಿತನ ಹಕ್ಕಿಗೂ ನಡೆಯುವ ಧರ್ಮಸಂಕಟವು ನಿಜವಾದ ಸಂಕಟವಾಗುತ್ತದೆ. ಒಂದು ಶಬ್ದದ ಅರ್ಥವನ್ನು ಸಡಿಲಿಸಿದರೆ ಉಪಾಖ್ಯಾನದ ಧರ್ಮವಿಚಾರವೇ ಸಡಿಲಿಸುವುದೆಂದು ನಾನು ಮೊದಲು ಹೇಳಿದುದು ಇದನ್ನು ಕುರಿತೇ.

ಹಾಗೆಂದು ಶ್ಯೇನವೆಂದರೆ ಶಿಕ್ರಾವೇ ಎಂದು ನಿಯಮಿಸುವುದೂ ಸರಿಯಲ್ಲ. ಶಿಕ್ರಾದ ಆಹಾರ ಓತಿ, ಇಲಿ, ಅಳಿಲು, ಸಣ್ಣ ಹಕ್ಕಿಗಳು. ಬೆಳೆದ ಮೊಲವನ್ನು ಹಿಡಿಯುವುದು ಅದಕ್ಕೆ ಶಕ್ಯವಲ್ಲ. ಶಶಾದನವೆಂಬ ಪರ್ಯಾಯವು ಅನ್ವರ್ಥವಾಗಬೇಕಾದರೆ ದೊಡ್ಡ ಗಿಡುಗಗಳೂ ಶ್ಯೇನದಲ್ಲಿ ಸೇರಬೇಕು. ಆದುದರಿಂದ ಶ್ಯೇನವು ಒಂದು ಜಾತಿಯ ಹೆಸರಲ್ಲ. ಜೀವಂತವಾದ ಬೇಟೆಯನ್ನು ವೇಗದಿಂದ ಎರಗಿ ಹಿಡಿಯುವ ಹಲವು ಜಾತಿಗಳ ಸಾಮಾನ್ಯನಾಮ. ಕೆ. ಎನ್. ದವೆಯವರು ಸಂಸ್ಕೃತಸಾಹಿತ್ಯದ ಪಕ್ಷಿಗಳನ್ನು ಕುರಿತು ೧೯೮೫ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವನ್ನು ಈ ವಿಷಯದಲ್ಲಿ ಆಸಕ್ತರಾದವರು ಅವಶ್ಯವಾಗಿ ನೋಡತಕ್ಕದ್ದು.

ಈ ಸಾಮಾನ್ಯನಾಮದೊಳಗಿನ ಭೇದಗಳನ್ನು ಬೇಟೆಯ ಶಾಸ್ತ್ರಕಾರರು ಅರಿತಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶ್ಯೇನವಿನೋದವೆಂಬ ಭಾಗವೇ ಉಂಟು. ಕೂರ್ಮಾಚಲದ ರುದ್ರದೇವನ ಶ್ಯೈನಿಕಶಾಸ್ತ್ರವನ್ನು ಹರಪ್ರಸಾದ ಶಾಸ್ತ್ರಿಗಳು ೧೯೧೦ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಶ್ಯೇನಗಳನ್ನು ಕೃಷ್ಣಾಕ್ಷ, ಪಾಟಲಾಕ್ಷ ಎಂದು ಎರಡಾಗಿ ವಿಭಾಗಿಸಿದೆ. ಕಪ್ಪುಗಣ್ಣಿನವು ಚೂಪುರೆಕ್ಕೆಯ ಫಾಲ್ಕನುಗಳು. ಉಳಿದವು ದುಂಡುರೆಕ್ಕೆಯ ಗಿಡುಗಗಳು. ಕಣ್ಣಿನ ಬಣ್ಣವೆಂಬ ಈ ಹೇತುವನ್ನು ಕೇವಲ ಬೇಟೆಗಾರರ ವ್ಯವಹಾರವೆಂದು ತಳ್ಳಿಹಾಕುವಂತಿಲ್ಲ. ೨೦೦೮ರಲ್ಲಿ ಪ್ರಕಟವಾದ ಅನುವಂಶಿಕಧಾತುಗಳ ಸಂಶೋಧನೆಯಿಂದ ಫಾಲ್ಕನುಗಳು ಗಿಡುಗಗಳಿಗಿಂತ ಗಿಳಿಗಳಿಗೂ ಹಾಡುವ ಹಕ್ಕಿಗಳಿಗೂ ಹತ್ತಿರದ ಬಂಧುಗಳೆಂದು ಗೊತ್ತಾಯಿತು. ಇಬ್ಬರ ರೂಪಸಾಮ್ಯವು ಕುಲದಿಂದ ಬಂದುದಲ್ಲ, ವೃತ್ತಿಯಿಂದ ಬಂದುದು. ಕೈಯ ಮೇಲೆ ಹಕ್ಕಿಯನ್ನು ಕೂರಿಸಿಕೊಂಡು ಅದರ ಕಣ್ಣನ್ನು ನೋಡಿದವನು ಎಳೆದ ಗೆರೆಯೇ ಕುಲದ ಗೆರೆಯೂ ಆಯಿತು.

ಈಗ ಆ ಮಾರ್ಗವು ನಮಗೆ ಮುಚ್ಚಿದೆ, ಮುಚ್ಚಿರುವುದು ಯುಕ್ತವೂ ಹೌದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಹಕ್ಕಿಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕ್ಯಾಮರಾ ಹಿಡಿದವನಿಗೂ ಮರ್ಯಾದೆಯುಂಟು. ಗೂಡಿನ ಬಳಿಗೆ ಹೋಗಬಾರದು; ಆಮಿಷವನ್ನೊಡ್ಡಿ ಕರೆಯಬಾರದು; ಚಿತ್ರಕ್ಕಾಗಿ ಕುಳಿತ ಹಕ್ಕಿಯನ್ನು ಎಬ್ಬಿಸಬಾರದು.

ಪಾಠ ಹೇಳುವವರ ಅನುಕೂಲಕ್ಕಾಗಿ ಸಿದ್ಧಾಂತವನ್ನು ಸಂಗ್ರಹಿಸುತ್ತೇನೆ. ಚಿಲ್ಲ, ಆತಾಯಿ ಎಂಬಲ್ಲಿ ಹದ್ದು ಎನ್ನಬಹುದು. ಶ್ಯೇನಕ್ಕೆ ಗಿಡುಗ ಅಥವಾ ಡೇಗೆ ಎನ್ನತಕ್ಕದ್ದು. ಯಾವ ಗಿಡುಗವೆಂಬುದನ್ನು ಪ್ರಕರಣವು ಹೇಳಿದರೆ ಮಾತ್ರ ವಿಶೇಷಿಸಬೇಕು. ಗೃಧ್ರಕ್ಕೆ ರಣಹದ್ದು ಎಂಬುದು ರೂಢಿಯಾದುದರಿಂದ ಅದನ್ನು ಉಳಿಸಿಕೊಂಡು, ಅದು ಹದ್ದಿನ ಭೇದವಲ್ಲವೆಂದು ವಿದ್ಯಾರ್ಥಿಗಳಿಗೆ ಸೂಚಿಸಬೇಕು. ಕಂಕ, ಕುರರಗಳನ್ನು ನಿಶ್ಚಯವಾಗುವ ತನಕ ಮೂಲದ ಹೆಸರಿನಿಂದಲೇ ಕರೆಯುವುದು ಲೇಸು. ಮುಂದೆ ರಚಿತವಾಗುವ ನಿಘಂಟುಗಳಲ್ಲಿ ಇಂಥ ಶಬ್ದಗಳ ಪಕ್ಕದಲ್ಲಿ, ಕುಳಿತ ಹಕ್ಕಿಯ ಚಿತ್ರದೊಡನೆ, ಕೆಳಗಿನಿಂದ ಕಾಣುವ ಹಾರುವ ಹಕ್ಕಿಯ ಛಾಯಾಚಿತ್ರವನ್ನೂ ಕೊಟ್ಟರೆ ‘ಪಕ್ಷಿವಿಶೇಷ’ವೆಂಬ ಮಾತಿಗೆ ಅವಕಾಶವಿರುವುದಿಲ್ಲ.

ಇದನ್ನು ತಡಮಾಡದೆ ಮಾಡಬೇಕಾಗಿದೆ. ಜಟಾಯುವಿನ ಕುಲವಾದ ಗೃಧ್ರಗಳು ಭಾರತದಲ್ಲಿ ನಮ್ಮ ಕಣ್ಣೆದುರಿಗೇ ಬಹುಮಟ್ಟಿಗೆ ನಾಶವಾದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವೇ ಇದಕ್ಕೆ ಕಾರಣವೆಂದು ೨೦೦೪ರಲ್ಲಿ ಸಿದ್ಧವಾಯಿತು. ೨೦೦೬ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ೨೦೧೨ರಲ್ಲಿ ನಮ್ಮ ರಾಮನಗರದ ರಾಮದೇವರಬೆಟ್ಟವನ್ನು ಅವುಗಳ ಆಶ್ರಯಧಾಮವೆಂದು ಸಾರಲಾಯಿತು. ಗೃಧ್ರವೆಂಬ ಶಬ್ದವು ಕೋಶದಲ್ಲಿ ಭದ್ರವಾಗಿದೆ. ಅದನ್ನು ತೋರಿಸಿ ಅರ್ಥ ಹೇಳಬೇಕೆಂದರೆ ಮಾತ್ರ ಬಹಳ ದೂರ ಹೋಗಬೇಕು. ಶ್ಯೇನವನ್ನಾದರೋ ಇಂದಿಗೂ ಊರ ಹೊರಗಿನ ತೋಪಿನಲ್ಲಿ ತೋರಿಸಬಹುದು. ಅರ್ಥವು ಆಕಾಶದಲ್ಲಿ ಇರುವಾಗಲೇ ಅದನ್ನು ನೋಡಿ ಬರೆದಿಡುವುದು ನಮ್ಮ ಕರ್ತವ್ಯ. ಈ ಲೇಖನದಲ್ಲಿ ಕಂಡುಬರುವ ದೋಷಗಳನ್ನು ವಿದ್ವಾಂಸರು ಪ್ರಮಾಣಪೂರ್ವಕವಾಗಿ ತಿಳಿಸಿದರೆ ಕೃತಜ್ಞತೆಯಿಂದ ತಿದ್ದಿಕೊಳ್ಳುವೆನು.